ಡಿಕ್ಕಿ ಡೋರ್ ಲಾಕ್: ಭಾವನ ಪ್ರಶ್ನೆಗೆ ಉತ್ತರ

ಭಾವ, ನಮಸ್ಕಾರ. ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ್ದ ವಿಡಿಯೋ ನೋಡಿದೆ. ಟಾಟಾ ಎಸ್ಟೇಟ್ ಕಾರಿನ ಡಿಕ್ಕಿ ಡೋರು ಹಾಕಿದ್ರೆ ಕೂರುತ್ತೆ, ಕ್ಯಾತ್ಸಂದ್ರ ದಾಟಿ ಹಂಪ್ ಹತ್ತಿದ್ರೆ ತಾನಾಗೇ ಬಿಟ್ಕೊಳ್ಳುತ್ತೆ, ಹೊಸ ಲಾಕೇ ಹಾಕಿಸ್ಬೇಕಾ ಅಂತ ಕೇಳಿದೀರಿ. ಈಗ್ಲೇ ಬೇಡ. ಅದು 1992ರಲ್ಲಿ ಬಂದ ಮಾಡೆಲ್ಲು, ಹಿಂದಿನ ಡೋರಿನ ಲಾಕ್ ಸಿಗೋದೇ ಕಷ್ಟ. ಇರೋದು ನಿಜವಾಗ್ಲೂ ಹಾಳಾಗಿದೆಯಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳೋಣ.

ಡೋರು ಪೂರ್ತಿ ಎತ್ತಿ, ಒಂದು ಗಟ್ಟಿ ಕೋಲು ಊರುಗೋಲು ಕೊಡಿ. ಡೋರು ಎತ್ತಿ ಹಿಡಿಯೋ ಹಳೇ ಗ್ಯಾಸ್ ಶಾಕ್ ನಂಬಬೇಡಿ, ಕೆಲಸದ ಮಧ್ಯೆ ಡೋರು ತಲೆ ಮೇಲೆ ಬೀಳುತ್ತೆ. ಈಗ ಲಾಕಿನ ಬಾಯೊಳಗೆ ನೋಡಿ. ತಿರುಗೋ ಕೊಕ್ಕೆ ಒಂದು, ಅದನ್ನ ತಡೆದು ಹಿಡಿಯೋ ಪುಟ್ಟ ನಾಲಿಗೆ ಒಂದು. ಸ್ಕ್ರೂಡ್ರೈವರ್ ತುದೀಲಿ ಕೊಕ್ಕೇನ ನಿಧಾನಕ್ಕೆ ತಿರುಗಿಸಿ. ಎರಡು ಸಲ ಕಟ್ ಕಟ್ ಅನ್ಬೇಕು: ಮೊದಲನೇದು ಅರ್ಧ ಲಾಕು, ಎರಡನೇದು ಪೂರ್ತಿ. ಆಮೇಲೆ ಹ್ಯಾಂಡಲ್ ಎಳೆದ್ರೆ ಕೊಕ್ಕೆ ಟಪ್ ಅಂತ ವಾಪಸ್ ಬರ್ಬೇಕು. ಒಂದು ಎಚ್ಚರ: ಕೊಕ್ಕೆ ಮುಚ್ಚಿದ್ದಾಗ ಡೋರು ಹಾಕ್ಬೇಡಿ, ಸ್ಟ್ರೈಕರಿಗೆ, ಅಂದ್ರೆ ಬಾಡಿ ಕಡೆ ಕೊಕ್ಕೆ ಹಿಡ್ಕೊಳ್ಳೋ ಕಂಬಿಗೆ, ಗುದ್ದಿ ಎರಡೂ ಸೊಟ್ಟಗಾಗುತ್ತೆ. ಹ್ಯಾಂಡಲ್ ಎಳೆದು ಬಿಡಿಸಿ, ಆಮೇಲೆ ಹಾಕಿ.

ಎರಡು ಸದ್ದೂ ಸರಿಯಾಗಿ ಬಂದು, ಕೊಕ್ಕೆ ಕೈಯಲ್ಲಿ ಎಳೆದ್ರೂ ಬಿಡಲಿಲ್ಲ ಅಂದ್ರೆ ಲಾಕು ಚೆನ್ನಾಗಿದೆ, ತೊಂದರೆ ಸ್ಟ್ರೈಕರಿಂದು. ಒಂದೇ ಸದ್ದು ಬಂದ್ರೆ, ಇಲ್ಲ ಕೊಕ್ಕೆ ಸೋಮಾರಿ ಥರ ಎಳೆದಾಡಿದ್ರೆ, ಒಳಗೆ ಕೊಳೆ. ನಿಮ್ಮ ಗಾಡೀಲಿ ತಿಪಟೂರಿಂದ ಕಾಯಿ ಮೂಟೆ ತರ್ತೀರಲ್ಲ, ಆ ತೆಂಗಿನ ನಾರು ಹಳೇ ಗ್ರೀಸಿಗೆ ಅಂಟಿ, ಮೇಲೆ ರಸ್ತೆ ಧೂಳು ಕೂತು, ಬೆಲ್ಲದ ಪಾಕ ಗಟ್ಟಿ ಆದ ಹಾಗೆ ಆಗಿರುತ್ತೆ. ನಾಲಿಗೆ ಪೂರ್ತಿ ಕೆಳಗಿಳಿಯಲ್ಲ, ಕೊಕ್ಕೆ ಹಲ್ಲಿನ ಅಂಚಿಗೆ ಬರೀ ತಾಗ್ಕೊಂಡಿರುತ್ತೆ. ಹಂಪ್ ಹತ್ತಿದ ಜೋರಿಗೆ ಜಾರುತ್ತೆ.

ಇನ್ನೊಂದು ಕಾರಣ ಇದೆ, ನಂಗೆ ಇದರ ಮೇಲೇ ಹೆಚ್ಚು ಅನುಮಾನ. ವಿಡಿಯೋದಲ್ಲಿ ನೀವು ಹ್ಯಾಂಡಲ್ ಮುಟ್ಟಿದ ತಕ್ಷಣ ಲಾಕ್ ಬಿಟ್ಟಿತು, ನೋಡಿದ್ರಾ? ಹ್ಯಾಂಡಲ್ಲು ಮೊದಲು ಒಂದೆರಡು ಮಿಲಿಮೀಟರ್ ಖಾಲಿ ಆಡ್ಬೇಕು, ಆಮೇಲೆ ಬಿಗಿ ಸಿಗ್ಬೇಕು. ಆ ಆಟ ಇಲ್ಲ ಅಂದ್ರೆ ಹ್ಯಾಂಡಲಿಂದ ಲಾಕಿಗೆ ಹೋಗೋ ರಾಡು ನಾಲಿಗೇನ ಯಾವಾಗ್ಲೂ ಸ್ವಲ್ಪ ಎತ್ತಿ ಹಿಡ್ಕೊಂಡಿದೆ ಅಂತ ಅರ್ಥ. ಡೋರಿನ ಒಳಗಡೆ ಹೊದಿಕೆ ಪ್ಯಾಡ್ ಬಿಚ್ಚಿ. ಕ್ಲಿಪ್ಪುಗಳು ಒಣಗಿರುತ್ತೆ, ಅಗಲ ಬ್ಲೇಡು ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಎಬ್ಬಿಸಿ. ರಾಡು ಕಳಚಿಟ್ಟು ಮತ್ತೆ ಸ್ಕ್ರೂಡ್ರೈವರ್ ಟೆಸ್ಟ್ ಮಾಡಿ. ಈಗ ಗಟ್ಟಿಯಾಗಿ ಹಿಡೀತು ಅಂದ್ರೆ ಕಳ್ಳ ಸಿಕ್ಕ. ರಾಡಿನ ತುದೀಲಿ ಥ್ರೆಡ್ ಇದ್ರೆ ಅಲ್ಲೇ ಅಡ್ಜಸ್ಟ್ ಮಾಡಿ, ಇಲ್ದಿದ್ರೆ ಯಾರೋ ಬಗ್ಗಿಸಿರೋ ಬೆಂಡ್ ನೇರ ಮಾಡಿ. ರಾಡು ಹಿಡಿಯೋ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ರೆ ಬೈಂಡಿಂಗ್ ವೈರ್ ಸುತ್ತಿ ಬಿಡ್ಬೇಡಿ, ಅದು ಸಡಿಲ ಆಗುತ್ತೆ. ಅದೇ ದಪ್ಪದ ರಾಡಿಗೆ ಕೂರೋ ಡೋರ್ ಲಾಕ್ ಕ್ಲಿಪ್ ಯಾವ ಸ್ಪೇರ್ ಅಂಗಡೀಲೂ ಸಿಗುತ್ತೆ.

ಲಾಕ್ ಬಿಚ್ಚೋದಾದ್ರೆ ಬೋಲ್ಟಿಗೆ ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. 6 ಎಂಎಂ ಬೋಲ್ಟು, ತಲೆಗೆ 10 ನಂಬರ್ ಸ್ಪ್ಯಾನರ್ ಬರ್ಬೇಕು. ಬಿಚ್ಚೋಕೆ ಮುಂಚೆ ರಾಡುಗಳು ಯಾವ ತೂತಲ್ಲಿ ಕೂತಿವೆ ಅಂತ ಫೋಟೋ ತೆಗೆದಿಡಿ. ಲಾಕ್ ಕೈಗೆ ಬಂದ್ಮೇಲೆ ಸೀಮೆಎಣ್ಣೆನೋ ಡೀಸೆಲ್ಲೋ ಹಾಕಿ ಅರ್ಧ ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ನಾರು ಪೂರ್ತಿ ಕಿತ್ತು, ಬಟ್ಟೇಲಿ ಒರೆಸಿ ಒಣಗಿಸಿ. ಆಮೇಲೆ ಬಿಳಿ ಲಿಥಿಯಂ ಗ್ರೀಸ್, ಕೊಕ್ಕೆ ತಿರುಗೋ ಪಿನ್ನಿಗೆ ಒಂದು ಹೆಸರುಕಾಳಿನಷ್ಟು, ನಾಲಿಗೆ ಪಿನ್ನಿಗೆ ಅಷ್ಟೇ. ಜಾಸ್ತಿ ಮೆತ್ತಿದ್ರೆ ಮತ್ತೆ ಧೂಳು. ಬರೀ ಸ್ಪ್ರೇ ಹೊಡೆದು ಮುಗಿಸಿದ್ರೆ ಇರೋ ಗ್ರೀಸೂ ತೊಳೆದು ಹೋಗಿ ಬೇಗ ಒಣಗುತ್ತೆ. ಕೀ ಹಾಕೋ ತೂತಿಗೆ ಮಾತ್ರ ಎಣ್ಣೆ, ಗ್ರೀಸು ಯಾವುದೂ ಬೇಡ, ಗ್ರಾಫೈಟ್ ಪುಡಿ ಹಾಕಿ.

ತೊಳೆದ ಮೇಲೆ ಬಿಸಿಲಲ್ಲಿ ಹಿಡಿದು ಕೊಕ್ಕೆ ಹಲ್ಲಿನ ಅಂಚು ನೋಡಿ. ಚೂಪಾಗಿ, ಚೌಕವಾಗಿ ಇರ್ಬೇಕು. ಸವೆದು ಗುಂಡಗಾಗಿದ್ರೆ ಮಾತ್ರ ಲಾಕ್ ಬದಲಾಯಿಸಿ. ಅರ ಹಾಕಿ ಉಜ್ಜೋದು, ವೆಲ್ಡಿಂಗ್ ತುಂಬೋದು ಎರಡೂ ಬೇಡ, ಉಜ್ಜಿದ್ರೂ, ವೆಲ್ಡಿಂಗ್ ಶಾಖಕ್ಕೂ ಗಟ್ಟಿತನ ಹೋಗಿ ಇನ್ನೂ ಬೇಗ ಸವೆಯುತ್ತೆ. ಸ್ಪ್ರಿಂಗ್ ಸೋತಿದೆ ಅಂತ ಎಳೆದು ಉದ್ದ ಮಾಡೋದೂ ತಪ್ಪು, ಅದೇ ದಪ್ಪದ ತಂತೀದು ಹೊಸದು ಹಾಕ್ಸಿ. ಲಾಕ್ ಹುಡುಕೋಕೆ ಹೋದ್ರೆ ಹಳೇದನ್ನ ಕೈಯಲ್ಲೇ ತಗೊಂಡು ಹೋಗಿ. ಟಾಟಾದ್ದೇ ಸಿಯೆರಾ ಗಾಡಿಗೂ ಎಸ್ಟೇಟಿಗೂ ಕೆಳಗಿನ ಭಾಗ ಬಹಳಷ್ಟು ಒಂದೇ, ಹಂಗಂತ ಹಿಂದಿನ ಡೋರಿನ ಲಾಕೂ ಕೂರುತ್ತೆ ಅಂತ ನಂಬಿ ದುಡ್ಡು ಕೊಡ್ಬೇಡಿ. ಬೋಲ್ಟ್ ತೂತಿನ ಮಧ್ಯದಿಂದ ಮಧ್ಯಕ್ಕೆ ಎಷ್ಟು, ಕೊಕ್ಕೆ ಯಾವ ಕಡೆ ತೆರೆಯುತ್ತೆ, ರಾಡು ಸಿಕ್ಕಿಸೋ ಕಿವಿ ಎಡಕ್ಕಾ ಬಲಕ್ಕಾ, ಈ ಮೂರೂ ಹೊಂದ್ಬೇಕು.

ಇನ್ನು ಸ್ಟ್ರೈಕರ್. ನಿಮ್ಮ ಕಂಬೀಲಿ ಎಡ ಮೂಲೆ ಮಾತ್ರ ಉಜ್ಜಿ ಬೆಳ್ಳಗೆ ಹೊಳೀತಿದೆ, ಅಂದ್ರೆ ಕೊಕ್ಕೆ ಓರೆಯಾಗಿ ಕೂರ್ತಿದೆ. ಆದ್ರೆ ಮೊದಲು ಕೀಲು ನೋಡಿ. ಡೋರಿನ ಎರಡು ಪಕ್ಕದ ಸಂದು ಒಂದೇ ಸಮ ಇಲ್ದಿದ್ರೆ ಕೀಲಿನ ಬೋಲ್ಟ್ ಸಡಿಲ, ಅದನ್ನ ಸರಿ ಮಾಡದೆ ಸ್ಟ್ರೈಕರ್ ಆಡಿಸಿ ಉಪಯೋಗ ಇಲ್ಲ. ಆಮೇಲೆ ಸ್ಟ್ರೈಕರ್ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆದು, ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಒಂದು ಸಲಕ್ಕೆ ಒಂದೇ ಮಿಲಿಮೀಟರ್ ಸರಿಸಿ. ಬೋಲ್ಟ್ ಎಲ್ಲಾ ಒಟ್ಟಿಗೆ ಬಿಚ್ಬೇಡಿ, ಹಿಂದೆ ಬೋಲ್ಟ್ ಹಿಡಿಯೋ ನಟ್ ಪ್ಲೇಟ್ ಸಡಿಲವಾಗಿದ್ರೆ ಬಾಡಿ ಒಳಗೆ ಬಿದ್ದುಹೋಗುತ್ತೆ, ಅದನ್ನ ಎತ್ತೋದು ದೊಡ್ಡ ಕೆಲಸ. ಕೂತ್ಮೇಲೆ ಒಂದು ನ್ಯೂಸ್‌ಪೇಪರ್ ಚೂರು ಡೋರಿನ ರಬ್ಬರ್ ಬೀಡಿಂಗ್ ಮಧ್ಯೆ ಇಟ್ಟು ಡೋರು ಹಾಕಿ ಎಳೀರಿ. ಸುತ್ತಲೂ ಒಂದೇ ಬಿಗಿ ಇರ್ಬೇಕು, ಸಲೀಸಾಗಿ ಬಂದ್ರೆ ಆ ಜಾಗ ಸಡಿಲ. ಪ್ಯಾಡ್ ಬಿಚ್ಚಿದಾಗ್ಲೇ ಡೋರಿನ ಕೆಳ ಅಂಚಿನ ನೀರು ಹೋಗೋ ತೂತಿಗೂ ಒಂದು ತಂತಿ ಆಡಿಸಿ.

ಅಲ್ಲಿ ತನಕ ಹಗ್ಗ ಕಟ್ಟಿ, ಸಂದು ಬಿಟ್ಕೊಂಡು ಓಡಿಸೋದು ದಯವಿಟ್ಟು ಬೇಡ ಭಾವ. ಹಿಂದೆ ಡೋರು ಬಾಯಿ ಬಿಟ್ಟಿದ್ರೆ ಸೈಲೆನ್ಸರ್ ಹೊಗೆ ಸುಳಿದು ಗಾಡಿ ಒಳಗೇ ಬರುತ್ತೆ, ಹಿಂದೆ ಮಕ್ಕಳು ಕೂರ್ತಾರೆ. ಗ್ಯಾರೇಜ್ ತನಕ ಹೋಗ್ಲೇಬೇಕು ಅಂದ್ರೆ ಡೋರು ಪೂರ್ತಿ ಮುಚ್ಚೋ ಹಾಗೆ ಬಿಗಿದು ಕಟ್ಟಿ, ಮುಂದಿನ ಎರಡೂ ಗ್ಲಾಸ್ ಇಳಿಸಿ, ಒಬ್ಬರೇ ಹೋಗಿ.

ಸಾಯಂಕಾಲ ರಾಡು ಕಳಚಿ ಆ ಟೆಸ್ಟ್ ಮಾಡಿ. ಎಷ್ಟು ಸದ್ದು ಬಂತು, ಹ್ಯಾಂಡಲ್ ಎಷ್ಟು ಖಾಲಿ ಆಡ್ತು ಅಂತ ವಾಯ್ಸ್ ಹಾಕಿ, ಕೊಕ್ಕೆ ಹಲ್ಲಿನ ಫೋಟೋ ಹತ್ತಿರದಿಂದ ತೆಗೆದು ಕಳ್ಸಿ.