ಡರ್ಖೈಮ್, ಪಾರ್ಸನ್ಸ್ ಹೇಳಿದ್ದು ನಮ್ಮ ಕಲಬುರಗಿ ಶಾಲೆಗಳಿಗೆ ಹೊಂದುತ್ತಾ?

ಪ್ರಶ್ನೆ (ಬಿಎ ವಿದ್ಯಾರ್ಥಿನಿ, ಕಲಬುರಗಿ):
ಡರ್ಖೈಮ್, ಪಾರ್ಸನ್ಸ್ ಮೊದಲಾದ ಪ್ರಕಾರ್ಯವಾದಿಗಳು (ಸಮಾಜದ ಪ್ರತಿ ಸಂಸ್ಥೆಯೂ ಸಮಾಜ ನಡೆಯಲು ಒಂದು ಕೆಲಸ ಮಾಡುತ್ತದೆ ಎನ್ನುವ ಸಮಾಜಶಾಸ್ತ್ರಜ್ಞರು) ಶಿಕ್ಷಣದ ಬಗ್ಗೆ ಹೇಳಿದ್ದನ್ನು ಓದುತ್ತಿದ್ದೇನೆ. ಶಾಲೆ ಸಮಾಜವನ್ನು ಒಗ್ಗೂಡಿಸುತ್ತದೆ, ಯೋಗ್ಯತೆ ನೋಡಿ ಕೆಲಸಕ್ಕೆ ಆರಿಸುತ್ತದೆ ಅಂತಾರೆ. ಬಾಯಿಪಾಠ ಆಗಿದೆ, ಆದರೆ ಒಪ್ಪೋಕೆ ಮನಸ್ಸು ಬರ್ತಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಸೇಡಂ ಮೇಷ್ಟ್ರು:
ತಂಗಿ, ಶಾಲೆ ಒಗ್ಗೂಡಿಸುತ್ತದೆ ಅನ್ನೋ ಡರ್ಖೈಮ್ ಮಾತನ್ನು ನಮ್ಮ ತರಗತಿಯಲ್ಲಿ ನಿಂತು ನೋಡು. ಒಬ್ಬನ ಮನೆಯಲ್ಲಿ ದಖನಿ ಉರ್ದು, ಇನ್ನೊಬ್ಬಳ ತಾಂಡಾದಲ್ಲಿ ಲಂಬಾಣಿ, ಪಕ್ಕದವನದು ತೆಲುಗು. ಬೆಳಗ್ಗೆ ಒಂದೇ ಸಾಲಲ್ಲಿ ನಿಂತು ನಾಡಗೀತೆ ಹಾಡುತ್ತಾರೆ, ಮಧ್ಯಾಹ್ನ ಜೊತೆಗೆ ಕೂತು ಬಿಸಿಯೂಟ ಮಾಡುತ್ತಾರೆ. ಅವರು ಹೇಳಿದ ಒಗ್ಗಟ್ಟು ಇದೇ. ಪಾರ್ಸನ್ಸ್ 1959ರಲ್ಲಿ ಇನ್ನೊಂದು ಮಾತು ಸೇರಿಸಿದರು: ಮನೆಯಲ್ಲಿ ನೀನು ಅಪ್ಪನ ಮುದ್ದಿನ ಮಗಳು, ಶಾಲೆಯಲ್ಲಿ ಎಲ್ಲರಿಗೂ ಒಂದೇ ಅಳತೆ.

ಆಳಂದದವ:
ಮೇಷ್ಟ್ರೇ, ಒಗ್ಗಟ್ಟಿನ ಮಾತು ಒಪ್ತೀನಿ. ಆದರೆ ದೊಡ್ಡ ಹುದ್ದೆಗೆ ದೊಡ್ಡ ಸಂಬಳ ಇದ್ದರೇನೇ ಸಮರ್ಥರು ಕಷ್ಟಪಟ್ಟು ಕಲಿತು ಬರುತ್ತಾರೆ ಅಂತ ಇನ್ನಿಬ್ಬರು ಪ್ರಕಾರ್ಯವಾದಿಗಳಾದ ಡೇವಿಸ್ ಮತ್ತು ಮೂರ್ 1945ರಲ್ಲಿ ಬರೆದರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಬಡವರ ಮನೆಯ ಪ್ರತಿಭೆ ಹೊರಗೆ ಬರೋಕೆ ದಾರಿಯೇ ಇಲ್ಲವಲ್ಲ ಅಂತ ಸಮಾಜಶಾಸ್ತ್ರಜ್ಞ ಟ್ಯೂಮಿನ್ 1953ರಲ್ಲೇ ಆಕ್ಷೇಪ ಎತ್ತಿದ್ದರು. ತೊಗರಿ ರಾಶಿ ಟೈಮಲ್ಲಿ ಶಾಲೆ ತಪ್ಪಿಸಿದ ಮಗು, ಅಪ್ಪ ಅಮ್ಮನ ಜೊತೆ ಪುಣೆಗೆ ಗುಳೆ ಹೋದ ಮಗು, ಇವರಿಗೆಲ್ಲ ಯೋಗ್ಯತೆ ಇಲ್ಲ ಅಂತ ಹೇಗೆ ಹೇಳೋದು? ಶಿಕ್ಷಣ, ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡೋ ಸಂವಿಧಾನದ 371ಜೆ ವಿಧಿ ನಮ್ಮ ಭಾಗಕ್ಕೆ ಬೇಕಾಗಿದ್ದೇ ಅದಕ್ಕೆ.

ಪ್ರಶ್ನೆ ಕೇಳಿದವಳು:
ಹಾಗಾದರೆ ಡರ್ಖೈಮ್ ಪರ, ಡೇವಿಸ್-ಮೂರ್ ವಿರುದ್ಧ ಬರೆದರೆ ನಡೆಯುತ್ತಾ?

ಸೇಡಂ ಮೇಷ್ಟ್ರು:
ಖಂಡಿತ ನಡೆಯುತ್ತೆ. ಟ್ಯೂಮಿನ್ ಹೆಸರು ಮಾತ್ರ ಬಿಡಬೇಡ.