ಅಪ್‌ಡೇಟ್: ಮೇಲಿನ ದವಡೆ ಹಲ್ಲಿನ ಇಂಪ್ಲಾಂಟ್, ಕೊನೆಗೂ ಸ್ಕ್ಯಾನ್ ಆಯ್ತು

ಮೇಲಿನ ದವಡೆ ಹಲ್ಲಿಗೆ ಇಂಪ್ಲಾಂಟ್ (ಮೂಳೆಗೆ ತಿರುಪಿನಂತೆ ಕೂರಿಸುವ ಕೃತಕ ಹಲ್ಲಿನ ಬೇರು) ಹಾಕಲು ಮೂಳೆ ಸಾಲದು ಅಂದಿದ್ದಾರೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ಸಿಬಿಸಿಟಿ (ದವಡೆಯ 3ಡಿ ಎಕ್ಸ್-ರೇ ಸ್ಕ್ಯಾನ್) ಮಾಡಿಸಿ ಅಂದವರಿಗೆ ಥ್ಯಾಂಕ್ಸ್. ಜಯನಗರದಲ್ಲಿ ಮಾಡಿಸಿದೆ. ಗದ್ದ ಊರಿ ನಿಂತರೆ ಯಂತ್ರ ತಲೆಯ ಸುತ್ತ ತಿರುಗುತ್ತದೆ, ಅಷ್ಟೇ.

ಹಳೇ ಓಪಿಜಿಯಲ್ಲೇ (ಇಡೀ ದವಡೆಯ ಮಾಮೂಲಿ ಎಕ್ಸ್-ರೇ) ಅಳೆಯಿರಿ ಅನ್ನೋ ಸಲಹೆ ಕೆಲಸಕ್ಕೆ ಬರಲಿಲ್ಲ. ಅದರಲ್ಲಿ ಮೂಳೆಯ ಅಗಲ ಕಾಣುವುದೇ ಇಲ್ಲ, ಅಳತೆಯೂ ಹಿಗ್ಗಿರುತ್ತದೆ. ಸ್ಕ್ಯಾನ್‌ನಲ್ಲಿ ನೋಡಿದರೆ ಸೈನಸ್ (ಮೇಲಿನ ಹಲ್ಲುಗಳ ಮೇಲಿರುವ ಗಾಳಿ ತುಂಬಿದ ಪೊಳ್ಳು) ಕೆಳಗೆ ಉಳಿದಿರುವ ಮೂಳೆ ಬರೀ 4 ಮಿ.ಮೀ.! ಹಲ್ಲು ಕೀಳಿಸಿ ಹಾಗೇ ಬಿಟ್ಟರೆ ಸೈನಸ್ಸೇ ಕೆಳಗಿಳಿಯುತ್ತದಂತೆ. ನಾನು 6 ವರ್ಷ ಸುಮ್ನೆ ಬಿಟ್ಟಿದ್ದೆ.

ಸೈನಸ್ ಪೊರೆಯೂ ದಪ್ಪಗಾಗಿದೆ. ಬೆಂಗಳೂರಿನ ಧೂಳು, ನನ್ನ ಶೀತ, ಗೊತ್ತಲ್ವಾ. ಹಾಗಾಗಿ ಮೊದಲು ಇಎನ್‌ಟಿ ಡಾಕ್ಟರು, ಆಮೇಲೆ ಸೈನಸ್ ಲಿಫ್ಟ್, ಅಂದರೆ ಆ ಪೊರೆ ಮೇಲೆತ್ತಿ ಕೆಳಗೆ ಮೂಳೆ ಪುಡಿ ತುಂಬುವುದು. ಮೂಳೆ ಗಟ್ಟಿಯಾಗಲು ಸುಮಾರು 6 ತಿಂಗಳು ಕಾದು, ಇಂಪ್ಲಾಂಟ್.