ಎಟಿಪಿಯ ಬಂಧ ಮುರಿದಾಗ ಶಕ್ತಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಬ್ರಹ್ಮಾವರದ ಜೀವವಿಜ್ಞಾನ ಉಪನ್ಯಾಸಕಿ

ನಾನು ಉಡುಪಿ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ವಾರ ಪ್ರಥಮ ಪಿಯುಸಿಯವರಿಗೆ ಉಸಿರಾಟದ ಅಧ್ಯಾಯ ಕಲಿಸುತ್ತಿದ್ದಾಗ, ಎಟಿಪಿಯ (ಜೀವಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ, ಮೂರು ಫಾಸ್ಫೇಟುಗಳಿರುವ ಅಣು) ಕೊನೆಯ ಫಾಸ್ಫೇಟ್ ಬಂಧದಲ್ಲಿ ಶಕ್ತಿ ಅಡಗಿರುತ್ತದೆ, ಆ ಬಂಧ ಮುರಿದಾಗ ಅದು ಹೊರಬರುತ್ತದೆ ಎಂದು ಎಂದಿನಂತೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಯಾವ ಬಂಧ ಮುರಿಯಬೇಕಾದರೂ ಶಕ್ತಿ ಕೊಡಲೇಬೇಕು ಎಂದು ಕೆಮಿಸ್ಟ್ರಿ ಸರ್ ಬರೆಸಿದ್ದಾರೆ, ಯಾವುದು ಸರಿ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳಿಗೆ ಅರೆಬರೆ ಮಾತು ಹೇಳಿ ಕೂರಿಸಲು ಮನಸ್ಸು ಬಾರದೆ, ಓದಿಕೊಂಡು ಬಂದು ಹೇಳುತ್ತೇನೆ ಎಂದಿದ್ದೇನೆ. ಜೊತೆಗೆ, ಒಂದು ಗ್ಲುಕೋಸಿನಿಂದ 38 ಎಟಿಪಿ ದೊರೆಯುತ್ತದೆ ಎಂದು ನಮ್ಮ ಪಠ್ಯದಲ್ಲಿದ್ದರೆ, ಬೇರೆ ಪುಸ್ತಕಗಳಲ್ಲಿ 30 ಅಥವಾ 32 ಎಂದಿದೆ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ: ಮಂಗಳೂರಿನ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ

ಮೇಡಂ, ನಿಮ್ಮ ವಿದ್ಯಾರ್ಥಿನಿ ಹೇಳಿದ್ದೇ ಸರಿ. ಬಂಧ ಮುರಿಯಲು ಯಾವಾಗಲೂ ಶಕ್ತಿ ಬೇಕು, ಎಟಿಪಿಯ ಬಂಧವೂ ಇದಕ್ಕೆ ಹೊರತಲ್ಲ. ನಾವು ಪಾಠದಲ್ಲಿ ಬಿಟ್ಟುಬಿಡುವುದು ನೀರಿನ ಅಣುವನ್ನು. ಎಟಿಪಿಯೂ ನೀರೂ ಸೇರಿ ಎಡಿಪಿಯೂ (ಒಂದು ಫಾಸ್ಫೇಟ್ ಕಳೆದುಕೊಂಡ ಎಟಿಪಿ) ಬಿಡಿ ಫಾಸ್ಫೇಟೂ ಆಗುವಾಗ ಹಳೆಯ ಬಂಧಗಳು ಮುರಿಯುತ್ತವೆ, ಹೊಸವು ಕೂಡಿಕೊಳ್ಳುತ್ತವೆ. ಎಟಿಪಿಯಲ್ಲಿ ಒತ್ತೊತ್ತಾಗಿ ಕುಳಿತು ಒಂದನ್ನೊಂದು ದೂಡುತ್ತಿದ್ದ ಋಣ ಆವೇಶಗಳು ಬೇರೆಯಾಗುತ್ತವೆ, ಬಿಡುಗಡೆಗೊಂಡ ಫಾಸ್ಫೇಟಿನ ಎಲೆಕ್ಟ್ರಾನುಗಳು ಹೆಚ್ಚು ಹರಡಿಕೊಳ್ಳುತ್ತವೆ, ನೀರಿನ ಅಣುಗಳು ಅದನ್ನು ಚೆನ್ನಾಗಿ ಸುತ್ತುವರಿಯುತ್ತವೆ. ಈ ಎಲ್ಲ ಲೆಕ್ಕದ ಕೊನೆಗೆ ಉಳಿಯುವುದು, ಪ್ರಮಾಣಿತ ಸ್ಥಿತಿಯಲ್ಲಿ, ಮೋಲ್ ಒಂದಕ್ಕೆ ಸುಮಾರು 30.5 ಕಿಲೋಜೂಲ್. ಫ್ರಿಟ್ಜ್ ಲಿಪ್‌ಮನ್ 1941ರಲ್ಲಿ ಇಂಥ ಬಂಧವನ್ನು ಅಂಕುಡೊಂಕು ಗೆರೆಯಿಂದ ಗುರುತಿಸಿ 'ಶಕ್ತಿಭರಿತ' ಎಂದು ಕರೆದರು. ಆ ಗೆರೆ ಬಹಳ ಉಪಯೋಗಕ್ಕೆ ಬಂತಾದರೂ, ಶಕ್ತಿ ಆ ಗೆರೆಯೊಳಗೇ ಕುಳಿತಿದೆ ಎಂಬ ಭಾವನೆಯನ್ನೂ ನಮ್ಮಲ್ಲಿ ಬಿತ್ತಿತು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಎಟಿಪಿಯನ್ನು ನೀರಿನಲ್ಲಿ ಹಾಕಿ ಸಮತೋಲನಕ್ಕೆ ಬರಲು ಬಿಟ್ಟರೆ, ಆಮೇಲೆ ಅದರಿಂದ ಯಾವ ಕೆಲಸವೂ ಆಗದು. ಜೀವಕೋಶವು ಎಟಿಪಿಯನ್ನು ಎಡಿಪಿಗಿಂತ ಹೆಚ್ಚಾಗಿ ಇಟ್ಟುಕೊಂಡು, ಅವುಗಳ ಅನುಪಾತವನ್ನು ಸಮತೋಲನದಿಂದ ಸುಮಾರು ಸಾವಿರ ಕೋಟಿ ಪಟ್ಟು ದೂರದಲ್ಲಿ ನಿಲ್ಲಿಸಿರುತ್ತದೆ. ಆದ್ದರಿಂದಲೇ ಕೋಶದೊಳಗೆ ಅದೇ ಕ್ರಿಯೆಯಿಂದ 50 ಕಿಲೋಜೂಲಿಗೂ ಹೆಚ್ಚು ದೊರೆಯುತ್ತದೆ. ನಮ್ಮ ವಾರಾಹಿ ಯೋಜನೆಯನ್ನೇ ನೆನೆಯಿರಿ. ಘಟ್ಟದ ಮೇಲಿನ ಮಾಣಿ ಜಲಾಶಯದ ನೀರು ಇಳಿದು ಬಂದು ಹೊಸಂಗಡಿಯ ಭೂಗತ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸಿದ ಮೇಲೂ ಹನಿ ಅದೇ ಹನಿಯಾಗಿಯೇ ಉಳಿದಿರುತ್ತದೆ. ಕೆಲಸ ಮಾಡಿದ್ದು ಮೇಲಿಗೂ ಕೆಳಗಿಗೂ ಇದ್ದ ಎತ್ತರದ ಅಂತರ. ಉಂಡ ಅನ್ನ ಖರ್ಚಾಗುವುದು ಆ ಅಂತರವನ್ನು ಮರಳಿ ಮರಳಿ ಕಟ್ಟುವುದಕ್ಕೆ.

ಉತ್ತರ: ಮಣಿಪಾಲದ ಜೀವರಸಾಯನಶಾಸ್ತ್ರ ವಿದ್ಯಾರ್ಥಿ

ಸರ್ ಕೊಟ್ಟ ವಾರಾಹಿಯ ಉದಾಹರಣೆ, ಕೋಶದೊಳಗೆ ಎಟಿಪಿ ತಯಾರಾಗುವ ಮೈಟೊಕಾಂಡ್ರಿಯಕ್ಕೆ ಬರೀ ಹೋಲಿಕೆಯಲ್ಲ, ಹೆಚ್ಚುಕಡಿಮೆ ಅಕ್ಷರಶಃ ನಿಜ. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಆಕ್ಸಿಜನ್ನಿನ ಕಡೆಗೆ ಇಳಿಯುತ್ತ ಹೋದಂತೆ, ಪ್ರೋಟಾನುಗಳು ಒಳಪೊರೆಯ ಆಚೆಗೆ ಪಂಪ್ ಆಗಿ ಅಲ್ಲಿ ಶೇಖರವಾಗುತ್ತವೆ. ಪೊರೆಯ ಎರಡು ಬದಿಗಳ ನಡುವಿನ ವಿಭವಾಂತರ ಸುಮಾರು 150 ಮಿಲಿವೋಲ್ಟ್. ಕೇಳಲು ಅಲ್ಪವೆನಿಸಿದರೂ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್ ಮಾತ್ರವಾದ್ದರಿಂದ, ಅದು ಮೀಟರಿಗೆ ಮೂರು ಕೋಟಿ ವೋಲ್ಟಿಗೆ ಸಮ. ಪ್ರೋಟಾನುಗಳ ಈ ಅಂತರವೇ ಎಟಿಪಿಯನ್ನು ಕಟ್ಟಿಸುತ್ತದೆ ಎಂಬ ವಿಚಾರವನ್ನು ಪೀಟರ್ ಮಿಚೆಲ್ 1961ರಲ್ಲಿ ಮಂಡಿಸಿದಾಗ ಹೆಚ್ಚಿನವರು ಒಪ್ಪಲಿಲ್ಲ. 1966ರಲ್ಲಿ ಆಂಡ್ರೆ ಜಗೆಂಡಾರ್ಫ್ ಪಾಲಕ್ ಸೊಪ್ಪಿನ ಪತ್ರಹರಿತ್ತು ಇರುವ ಪೊರೆಗಳನ್ನು ಮೊದಲು ಆಮ್ಲದಲ್ಲಿ ನೆನೆಸಿ, ಆಮೇಲೆ ಕ್ಷಾರೀಯ ದ್ರಾವಣಕ್ಕೆ ವರ್ಗಾಯಿಸಿದರು. ಕತ್ತಲೆಯಲ್ಲಿಯೇ, ಬೆಳಕಿನ ಒಂದು ಕಿರಣವೂ ಇಲ್ಲದೆ, ಎಟಿಪಿ ತಯಾರಾಯಿತು. ಈ ಪ್ರಯೋಗವನ್ನು ಮೊದಲ ಬಾರಿ ಓದಿದ ದಿನದ ಸಂತೋಷ ನನಗೆ ಈಗಲೂ ನೆನಪಿದೆ. ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಂತು. ಪ್ರೋಟಾನುಗಳು ಹಿಂದಿರುಗುವ ದಾರಿಯಲ್ಲಿರುವ ಎಟಿಪಿ ಸಿಂಥೇಸ್ ಕಿಣ್ವವು ನಿಜಕ್ಕೂ ತಿರುಗುತ್ತದೆ. 1997ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಆಹಾರದ ಎಲೆಕ್ಟ್ರಾನುಗಳನ್ನು ಹೊತ್ತು ತರುವ ಅಣುಗಳಾದ ಎನ್‌ಎಡಿಎಚ್ ಒಂದು ಗ್ಲುಕೋಸಿಗೆ 10, ಎಫ್‌ಎಡಿಎಚ್2 ಎರಡು ಸಿಗುತ್ತವೆ. ಒಂದು ಎನ್‌ಎಡಿಎಚ್‌ಗೆ 3, ಒಂದು ಎಫ್‌ಎಡಿಎಚ್2ಗೆ 2 ಎಟಿಪಿ ಎಂದು ಪೂರ್ಣಾಂಕಗಳನ್ನು ಹಿಡಿದರೆ 30, 4 ಮತ್ತು ನೇರವಾಗಿ ಸಿಗುವ 4 ಸೇರಿ 38 ಆಗುತ್ತದೆ. ಆದರೆ ಒಂದು ಎನ್‌ಎಡಿಎಚ್‌ನಿಂದ 10, ಒಂದು ಎಫ್‌ಎಡಿಎಚ್2ನಿಂದ 6 ಪ್ರೋಟಾನುಗಳು ಪಂಪ್ ಆಗುತ್ತವೆ. ಒಂದು ಎಟಿಪಿಯನ್ನು ತಯಾರಿಸಿ ಹೊರಗೆ ಸಾಗಿಸಲು ಸುಮಾರು 4 ಬೇಕು. ಹಾಗಾಗಿ ಸಿಗುವುದು 2.5 ಮತ್ತು 1.5. ಆಗ ಮೊತ್ತ 32. ಕೋಶದ್ರವದ ಎರಡು ಎನ್‌ಎಡಿಎಚ್‌ಗಳು ತಮ್ಮ ಎಲೆಕ್ಟ್ರಾನುಗಳನ್ನು ನಷ್ಟದ ದಾರಿಯಲ್ಲಿ ಒಳಗೆ ಕಳುಹಿಸಿದರೆ 30. ಪೊರೆಯಲ್ಲಿ ಅಲ್ಪಸ್ವಲ್ಪ ಸೋರಿಕೆಯೂ ಇರುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆಯೇ.

ಉತ್ತರ: ಕಾರ್ಕಳದ ದೈಹಿಕ ಶಿಕ್ಷಣ ಶಿಕ್ಷಕ

ಸಂಗ್ರಹದ ವಿಚಾರವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮಕ್ಕಳು ಎಟಿಪಿಯನ್ನು ಶಕ್ತಿಯ ಕಣಜವೆಂದು ತಿಳಿಯುತ್ತಾರೆ. ಅದು ಕಣಜವಲ್ಲ, ಕೈಯಲ್ಲಿ ಓಡಾಡುವ ಚಿಲ್ಲರೆ. ಕಂಬಳದ ಕರೆಯಲ್ಲಿ (ಕೆಸರಿನ ಓಟದ ಹಾದಿ) ಕೋಣಗಳ ಜೊತೆ ಓಡುವವನ ಸ್ನಾಯುವಿನಲ್ಲಿರುವ ಎಟಿಪಿ ಒಂದೆರಡು ಸೆಕೆಂಡಿಗೆ ಮಾತ್ರ ಸಾಕಾಗುತ್ತದೆ. ಆಮೇಲೆ ಸ್ನಾಯುವಿನಲ್ಲಿಯೇ ಇರುವ ಫಾಸ್ಫೊಕ್ರಿಯೇಟಿನ್ ಎಂಬ ಅಣು ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಇನ್ನೂ ಕೆಲವು ಸೆಕೆಂಡು ತಳ್ಳುತ್ತದೆ, ಓಟ ಮುಗಿಯುವ ಮಂಜೊಟ್ಟಿ ಮುಟ್ಟುವಷ್ಟರಲ್ಲಿ, ಗ್ಲುಕೋಸಿನ ಸರಪಳಿಯಾದ ಗ್ಲೈಕೊಜನ್ ಒಡೆಯುವ ಕೆಲಸ ಜೋರಾಗಿರುತ್ತದೆ. ಈ ಫಾಸ್ಫೊಕ್ರಿಯೇಟಿನ್ನನ್ನು 1927ರಲ್ಲಿ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರೊಡನೆ ಗುರುತಿಸಿದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಎಟಿಪಿಯನ್ನು ಕಂಡುಹಿಡಿದಾಗ, ಈ ಇಬ್ಬರೂ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದರು. ಸುಬ್ಬರಾವ್ ಅವರ ಹೆಸರನ್ನು ತರಗತಿಯಲ್ಲಿ ಹೇಳದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಎಟಿಪಿಯನ್ನೇ ಯಾಕೆ ಕೂಡಿಡಬಾರದು ಎಂದು ಕೇಳಿದರೆ ತೂಕ ನೋಡಿ. ಒಂದು ಮೋಲ್ ಎಟಿಪಿ 507 ಗ್ರಾಂ, ಅದರಿಂದ ಸಿಗುವುದು ಮೇಲೆ ಹೇಳಿದ 30ರಿಂದ 50 ಚಿಲ್ಲರೆ ಕಿಲೋಜೂಲ್. ಒಂದು ಮೋಲ್ ಗ್ಲುಕೋಸ್ 180 ಗ್ರಾಂ, ಪೂರ್ಣವಾಗಿ ಉರಿದರೆ ಸುಮಾರು 2,870 ಕಿಲೋಜೂಲ್. ಆ ಗ್ಲುಕೋಸ್ ಬಿಡಿಬಿಡಿಯಾಗಿದ್ದರೆ ಕೋಶದೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಭತ್ತದ ಕಾಳು ಅದನ್ನು ಪಿಷ್ಟವಾಗಿ, ನಮ್ಮ ಯಕೃತ್ತು ಗ್ಲೈಕೊಜನ್ನಾಗಿ ಪೋಣಿಸಿಡುತ್ತದೆ. ಬೆಳಗ್ಗಿನ ಕುಚ್ಚಲಕ್ಕಿ ಗಂಜಿ ಎಂದರೆ ಗದ್ದೆಯ ಎಲೆಗಳು ಬಿಸಿಲಿನಿಂದ ಹಿಡಿದು ಇಟ್ಟದ್ದೇ.

ಮರುನುಡಿ: ಬ್ರಹ್ಮಾವರದ ಉಪನ್ಯಾಸಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಠ್ಯವನ್ನು ಮತ್ತೆ ತೆರೆದು ನೋಡಿದೆ. 38ರ ಲೆಕ್ಕ ಕೆಲವು ಊಹೆಗಳ ಮೇಲೆ ನಿಂತಿದೆಯೆಂದು ಅಲ್ಲಿಯೇ ಬರೆದಿದೆ, ನಾನು ಆ ಸಾಲನ್ನು ಓದಿಸದೆ ಮುಂದೆ ಹೋಗುತ್ತಿದ್ದೆ. ಪರೀಕ್ಷೆಗೆ ಪಠ್ಯದ ಸಂಖ್ಯೆಯನ್ನೇ ಬರೆಯಲು ಹೇಳಿ, 32ರ ಲೆಕ್ಕವನ್ನೂ ಪಕ್ಕದಲ್ಲಿ ಮಾಡಿಸುತ್ತೇನೆ. ಸೋಮವಾರ ಕೆಮಿಸ್ಟ್ರಿ ಸರ್ ಅವರನ್ನೂ ತರಗತಿಗೆ ಕರೆದಿದ್ದೇನೆ. ಸಮೀಕರಣದಲ್ಲಿ ನೀರಿನ ಅಣುವನ್ನು ಆ ಹುಡುಗಿಯ ಕೈಯಿಂದಲೇ ಬರೆಸಬೇಕೆಂದಿದ್ದೇನೆ.